ಅವನ ರಕ್ತದಲ್ಲೊಬ್ಬಳು

ಮೈಕ್ರೋಸ್ಕೋಪಿನ ಕೆಳಗೆ ಶಶಿಕಾಂತನ ರಕ್ತವಿತ್ತು. ಅದರೊಳಗೆ ಒಬ್ಬ ಹೆಣ್ಣಿದ್ದಳು.

ರಮಿತಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ನೇರಳೆ ಬಣ್ಣ ಹೀರಿ ಕುಳಿತ ಒಂದು ಬಿಳಿ ರಕ್ತಕಣ. ಅದರ ನಡುವಿನ ನ್ಯೂಕ್ಲಿಯಸ್ಸಿನ ಅಂಚಿನಲ್ಲಿ, ತೆಳ್ಳನೆಯ ದಾರಕ್ಕೆ ತೂಗುಬಿಟ್ಟ ಹಾಗೆ ಪುಟ್ಟದೊಂದು ಗುಂಡು. ಲ್ಯಾಬಿನವರು ಅದನ್ನು ಡ್ರಮ್‌ಸ್ಟಿಕ್ ಅನ್ನುತ್ತಾರೆ, ಡೋಲು ಬಡಿಯುವ ಕೋಲಿನ ಆಕಾರ. ಹೆಂಗಸರ ರಕ್ತದಲ್ಲಿ ಕಾಣುವ ಗುರುತು ಅದು, ಅದೂ ನೂರು ಕಣಗಳಲ್ಲಿ ಎರಡೋ ಮೂರೋ ಕಡೆ. ಗಂಡಸಿನ ರಕ್ತದಲ್ಲಿ ಅದಕ್ಕೇನು ಕೆಲಸ?

ಸ್ಯಾಂಪಲ್ ಅದಲುಬದಲಾಯಿತೇನೋ ಎಂದು ಸ್ಲೈಡಿನ ನಂಬರು ನೋಡಿದಳು. ಅವನದೇ. ತಾನೇ ಅವನ ತೋಳಿಗೆ ಪಟ್ಟಿ ಬಿಗಿದು, ತಾನೇ ಸೂಜಿ ಚುಚ್ಚಿ, ತಾನೇ ಹತ್ತಿ ಒತ್ತಿ ತೆಗೆದ ರಕ್ತ. ಸ್ಲೈಡನ್ನು ಇನ್ನಷ್ಟು ಸರಿಸಿದಾಗ ಮತ್ತೊಂದು ಡ್ರಮ್‌ಸ್ಟಿಕ್ ಸಿಕ್ಕಿತು.

ಆಗ ಹೊಳೆಯಿತು. ವರ್ಷದ ಹಿಂದೆ ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ಶಶಿಕಾಂತನಿಗೆ ಅಸ್ಥಿಮಜ್ಜೆಯ ಕಸಿ ಆಗಿತ್ತು. ಎಲುಬಿನೊಳಗೆ ಕೂತು ರಕ್ತ ತಯಾರಿಸುವ ಆ ಮಜ್ಜೆ ಅವನದಲ್ಲ, ಯಾರೋ ದಾನ ಕೊಟ್ಟದ್ದು. ಯಾರೋ ಎಂದರೆ ಯಾರೋ ಒಬ್ಬ ಪುಣ್ಯಾತ್ಮ ಎಂದುಕೊಂಡು, ಮುಖ ಕಾಣದ ಆ ಗಂಡಸಿಗೆ ರಮಿತಾ ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದಳು. ಗಂಡಸೇ ಎಂದು ಅವಳಿಗೆ ಹೇಳಿದವರು ಯಾರೂ ಇರಲಿಲ್ಲ. ಅವಳೇ ಹಾಗೆ ನಂಬಿದ್ದಳು, ನಂಬಲು ಹಿತವಾಗಿತ್ತು.

ಗಾಜಿನ ಬಾಗಿಲಿನಾಚೆ ಅವನು ತೋಳು ಮಡಚಿಕೊಂಡು ಕೂತು ಚಹಾ ಕುಡಿಯುತ್ತಿದ್ದ. ಮೊದಲು ಸುಣ್ಣ ಬಳಿದಂತಿದ್ದ ಕೆನ್ನೆಗಳಲ್ಲಿ ಈಗ ರಂಗು. ಉದುರಿಹೋಗಿದ್ದ ಕೂದಲು ಗುಂಗುರಾಗಿ ಬಂದಿತ್ತು. ಅವಳನ್ನು ಕಂಡು ಹುಬ್ಬು ಹಾರಿಸಿ, 'ಹ್ಯಾಂಗೈತಿ?' ಎಂದು ಕಣ್ಣಲ್ಲೇ ಕೇಳಿದ. ಆ ರಂಗೂ ರಕ್ತದೊಳಗಿನ ಆ ಹೆಣ್ಣಿನದ್ದೇ, ಎಂದುಕೊಂಡಳು ರಮಿತಾ. ಅವಳ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

"ಕಾಯ್ ಗ, ಚೆಹರಾ ಕಾ ಉತರ್ಲಾ?" ಎಂದಳು ನೆಲ ಒರೆಸುತ್ತಿದ್ದ ಚಂದ್ರಬಾಯಿ. ಮುಖ ಯಾಕೆ ಬಾಡಿತು ಎಂದು ಕೇಳಲು ಆ ಮುದುಕಿಗೆ ಮೈಕ್ರೋಸ್ಕೋಪು ಬೇಕಿರಲಿಲ್ಲ.

*

ಮುಂಬೈ ಹತ್ತಿರದ ಕಲ್ಯಾಣದ ಈ ಲ್ಯಾಬಿನ ಕುರ್ಚಿಗೆ ಶಶಿಕಾಂತ ಮೊದಲು ಬಂದದ್ದು 2012ರ ಮಳೆಗಾಲದಲ್ಲಿ. ಠಾಣೆ ಶಹರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ನೌಕರಿ. ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಏದುಸಿರು, ಬ್ರಶ್ ಮಾಡಿದರೆ ವಸಡಿನಿಂದ ರಕ್ತ. ಅಂದು ಅವನ ಸ್ಲೈಡು ನೋಡಿ ರಮಿತಾ ಬೆಚ್ಚಿದ್ದಳು. ಭಾನುವಾರದ ಆಫೀಸಿನ ಹಾಗೆ ಎಲ್ಲ ಖಾಲಿ ಖಾಲಿ.

ಎರಡು ವಾರದ ಮೇಲೆ, ದೊಡ್ಡ ಡಾಕ್ಟರನ್ನು ಕಂಡುಬಂದು ಅವನು ಇದೇ ಕುರ್ಚಿಯಲ್ಲಿ ಕೂತು ಕೇಳಿದ್ದ: "ಡಾಕ್ಟರ್ ಇಂಗ್ಲಿಷಿನ್ಯಾಗ ಏನೇನೋ ಹೇಳ್ತಾರ್ರಿ, ನನ್ನ ತಲಿಗೆ ಹೋಗವಲ್ದು. ನೀವರ ಹೇಳ್ರಿ, ನನಗೇನಾಗೈತಿ?"

ರಮಿತಾಳ ಅಪ್ಪ ಮೋಹನದಾಸರದು ಕಲ್ಯಾಣ ಸ್ಟೇಷನ್ ಹತ್ತಿರ ಇಡ್ಲಿ ದೋಸೆಯ ಹೋಟೆಲು. ಅವಳಿಗೆ ತಿಳಿದ ಹೋಲಿಕೆಯೂ ಅದೇ.

"ನಮ್ಮ ಹೋಟೆಲಲ್ಲಿ ಹಿಟ್ಟು ಒಂದೇ. ಅದರಲ್ಲೇ ದೋಸೆ, ಅದರಲ್ಲೇ ಉತ್ತಪ್ಪ. ಎಲುಬಿನ ಒಳಗೆ ಮಜ್ಜೆ ಉಂಟಲ್ವಾ, ಅಲ್ಲಿಯೂ ಹಾಗೆಯೇ. ಮೂಲಕಣ ಒಂದೇ. ಅದರಿಂದಲೇ ಗಾಳಿ ಹೊರುವ ಕೆಂಪು ಕಣ, ರೋಗದ ಜೊತೆ ಹೊಡೆದಾಡುವ ಬಿಳಿ ಕಣ, ಗಾಯ ಮುಚ್ಚುವ ಪ್ಲೇಟ್‌ಲೆಟ್, ಎಲ್ಲ ಆಗುವುದು."

"ಎಷ್ಟು ಮಾಡಬೇಕು ಅಂತ ಹುಕುಂ ಯಾರದು?"

"ವೇಯ್ಟರದ್ದು. ಕೆಂಪು ಕಣಕ್ಕೆ ನಿಮ್ಮ ಕಿಡ್ನಿಯೇ ವೇಯ್ಟರು. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದ್ರೆ ಸಾಕು, 'ಇನ್ನೆರಡು ಹಾಕು' ಅಂತ ಒಳಗೆ ಕೂಗ್ತದೆ. ಸಾಕಾದ್ರೆ ಸುಮ್ಮನಾಗ್ತದೆ. ಹಳೆಯ ಕಣ ಸಾಯ್ತಾ ಇರ್ತದೆ, ಹೊಸತು ಬರ್ತಾ ಇರ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

"ಹಂಗಾರ ನಂದು?"

"ನಿಮ್ಮ ವೇಯ್ಟರು ಗಂಟಲು ಹರಿಯುವ ಹಾಗೆ ಕೂಗ್ತಾ ಇದ್ದಾನೆ. ಅಡುಗೆಮನೆಯಲ್ಲಿ ಹಿಟ್ಟೇ ಇಲ್ಲ."

ಸಾಯುವ ಸುದ್ದಿಯನ್ನು ಹೀಗೆ ಕೇಳಿದ ಮನುಷ್ಯ ನಕ್ಕುಬಿಟ್ಟ. "ಕಡ ಸಿಗ್ತೈತೇನ್ರಿ ಹಿಟ್ಟು?" ಎಂದ. ಆ ನಗುವಿನಲ್ಲೇ ರಮಿತಾ ಜಾರಿ ಬಿದ್ದದ್ದು, ಇನ್ನೂ ಎದ್ದಿಲ್ಲ.

ಆಮೇಲೆ ಅವನಿಗೆ ಹೊಂದುವ ಮಜ್ಜೆ ಸಿಕ್ಕಿತು, ಕಸಿಯೂ ಆಯಿತು. ಒಂದು ವರ್ಷ ಅವನ ರಕ್ತಪರೀಕ್ಷೆಯೆಲ್ಲ ಆಸ್ಪತ್ರೆಯಲ್ಲೇ. ರಮಿತಾ ಮಾತ್ರ ಭಾನುವಾರ ಸಂಜೆಗಳಲ್ಲಿ, ಮಾಸ್ಕ್ ಕಟ್ಟಿಕೊಂಡು, ವಿಠ್ಠಲವಾಡಿಯಲ್ಲಿದ್ದ ಅವನ ಮನೆಗೆ ಹೋಗಿ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು ಬರುತ್ತಿದ್ದಳು. ಅವನು ಒಳಕೋಣೆಯಿಂದಲೇ ಮಾತಾಡುತ್ತಿದ್ದ. ಮಾಸ್ಕಿನ ಮೇಲೆ ಕಾಣುವುದು ಎರಡು ಕಣ್ಣುಗಳಷ್ಟೇ ಆದ್ದರಿಂದ ಅವರಿಬ್ಬರ ಮಾತೆಲ್ಲ ಅಲ್ಲೇ ನಡೆಯಿತು. ಪ್ರೀತಿ ಎಂಬ ಶಬ್ದವನ್ನು ಮಾತ್ರ ಅವನು ಎತ್ತಲಿಲ್ಲ. ಇವಳು ಕಾದಳು.

ಇಂದು ಅವನು ತನ್ನ ಹಳೆಯ ಕುರ್ಚಿಗೆ ಮರಳಿದ್ದ. ಬೆಳಿಗ್ಗೆ ಅದಕ್ಕೆಂದೇ ರಮಿತಾ ತಲೆಗೆ ಸ್ನಾನ ಮಾಡಿ ಬಂದಿದ್ದಳು. ಬಂದು ನೋಡಿದರೆ ಅವನು ಒಬ್ಬನೇ ಬಂದಿರಲಿಲ್ಲ, ರಕ್ತದಲ್ಲಿ ಆ ಹೆಣ್ಣನ್ನೂ ಕರೆತಂದಿದ್ದ.

*

"ಹಿಮೋಗ್ಲೋಬಿನ್ ಹದಿಮೂರು ದಾಟಿದೆ. ಎಲ್ಲ ಸರಿ ಉಂಟು," ಎಂದು ರಿಪೋರ್ಟನ್ನು ಅವನ ಮುಂದೆ ಇಟ್ಟಳು.

"ಖುಷಿ ಸುದ್ದಿನ ಯಾರೋ ಸತ್ತಾರ ಅನ್ನಂಗ ಹೇಳ್ತೀರಲ್ರಿ!"

"ನಿಮ್ಮ ಗ್ರೂಪು ಮೊದಲು ಬಿ ಇತ್ತು. ಈಗ ಓ."

"ಹೌದ್ರಿ. ಡಾಕ್ಟರು ಹೇಳಿದ್ರು. ಮಜ್ಜಿ ಕೊಟ್ಟವರ ಗ್ರೂಪ ಬರ್ತೈತಂತ."

ರಮಿತಾಳದೂ ಬಿ. ಇಬ್ಬರದೂ ಒಂದೇ ಗುಂಪು ಎಂಬ ಸಣ್ಣ ಸಂತೋಷವನ್ನು ಅವಳು ಯಾರಿಗೂ ಹೇಳದೆ ಎರಡು ವರ್ಷ ಇಟ್ಟುಕೊಂಡಿದ್ದಳು. ಅದೂ ಹೋಯಿತು.

"ಡೋನರ್ ಹೆಂಗಸು ಅಂತ ನೀವು ಹೇಳ್ಲೇ ಇಲ್ಲ."

ಚಹಾದ ಲೋಟ ಅರ್ಧದಲ್ಲಿ ನಿಂತಿತು. "ನಿಮಗ ಹ್ಯಾಂಗ ಗೊತ್ತಾತು?"

"ನಿಮ್ಮ ರಕ್ತವೇ ಹೇಳಿತು. ಒಳಗೆ ಡೋಲಿನ ಕೋಲು ಹಿಡ್ಕೊಂಡು ಕೂತಿದ್ದಾಳೆ ಮಹಾರಾಯ್ತಿ." ಒಂದು ಹತ್ತಿಯುಂಡೆ ಎತ್ತಿಕೊಂಡಳು. "ಪ್ರಾಯ ಎಷ್ಟು ಅವಳಿಗೆ?"

"ಇಪ್ಪತ್ತನಾಲ್ಕು." ಅವನ ತುಟಿಯ ತುದಿ ಸ್ವಲ್ಪ ಮೇಲೆ ಹೋಯಿತು. "ಲಗ್ನ ಆಗಿಲ್ಲ. ಅದನ್ನ ನೀವು ಕೇಳೂದ್ರಾಗಿದ್ರಿ, ನಾನs ಹೇಳಿಬಿಟ್ಟೆ."

"ನಾನೆಂತಕ್ಕೆ ಕೇಳ್ಬೇಕು ಅದನ್ನ?"

"ಮತ್ತ ಆ ಹತ್ತಿನ ಯಾಕ ಹಂಗ ಹಿಂಡಾಕತ್ತೀರಿ?"

ಕೈಯಲ್ಲಿದ್ದ ಹತ್ತಿಯುಂಡೆಯನ್ನು ರಮಿತಾ ಡಬ್ಬಿಗೆ ಎಸೆದಳು. ಅವನು ವಿವರ ಹೇಳಿದ. ದಾನಿಯ ಹೆಸರನ್ನು ಒಂದು ವರ್ಷ ಹೇಳುವಂತಿಲ್ಲ. ವರ್ಷ ಕಳೆದ ಮೇಲೆ ಇಬ್ಬರೂ ಒಪ್ಪಿದರೆ ಭೇಟಿ. ಮೊನ್ನೆ ಒಪ್ಪಿಗೆ ಬಂತು. ಹೆಸರು ಪ್ರೇಕ್ಷಾ, ಮನೆ ನವಿ ಮುಂಬೈಯ ನೆರೂಳ, ಮೂಲ ಮೂಲ್ಕಿ ಕಡೆ. ಕಾಲೇಜಿಗೆ ಮಜ್ಜೆದಾನದವರು ಬಂದು ಕೇಳಿದಾಗ ಕೆನ್ನೆಯ ಒಳಗಿನ ಸ್ಯಾಂಪಲ್ ಕೊಟ್ಟು ಮರೆತಿದ್ದಳಂತೆ.

"ಈ ರವಿವಾರ ನಮ್ಮನಿಗೆ ಬರ್ತಾಳ ಆಕಿ. ನೀವೂ ಬರಬೇಕ್ರಿ. ಆಕಿನ್ನ ಒಮ್ಮೆ ಕಣ್ತುಂಬ ನೋಡ್ತೀನಿ. ಆಮ್ಯಾಲೆ ನಿಮಗೊಂದು ಮಾತು ಹೇಳೋದೈತಿ."

"ಈಗಲೇ ಹೇಳಿ."

"ಆಕಿನ್ನ ನೋಡದs ಹೇಳಂಗಿಲ್ಲ," ಎಂದು ಅವನು ಎದ್ದ. ಹೋಗುವಾಗ ಬಾಗಿಲಲ್ಲಿ ತಿರುಗಿ ನೋಡಿದ ನೋಟದಲ್ಲಿ ಏನೋ ಇತ್ತು. ಬೇರೆ ದಿನವಾದರೆ ಆ ನೋಟವನ್ನು ರಮಿತಾ ಮನೆಗೆ ಕೊಂಡುಹೋಗಿ ವಾರವಿಡೀ ನೆನೆಯುತ್ತಿದ್ದಳು. ಇಂದು ಅದರಲ್ಲೂ ಡ್ರಮ್‌ಸ್ಟಿಕ್ಕೇ ಕಂಡಿತು.

*

ಮತ್ಸರಕ್ಕೆ ಮದ್ದಿಲ್ಲ ಅಂತಾರೆ. ರಮಿತಾ ಆ ವಾರ ಮದ್ದು ಹುಡುಕಲೂ ಇಲ್ಲ. ಫೇಸ್‌ಬುಕ್ಕಿನಲ್ಲಿ ಪ್ರೇಕ್ಷಾ ಎಂದು ಹಾಕಿ ನೋಡಿದಳು. ನವಿ ಮುಂಬೈ ತುಂಬ ಪ್ರೇಕ್ಷಾಗಳೇ, ಒಬ್ಬಳಿಗಿಂತ ಒಬ್ಬಳು ಚೆಂದ. ಯಾರು ಅವಳು ಎಂದು ತಿಳಿಯದೆ ಎಲ್ಲರನ್ನೂ ಸಮಾನವಾಗಿ ದ್ವೇಷಿಸಿದಳು.

ಹೋಟೆಲಿನ ಗಲ್ಲಾದಲ್ಲಿ ಅಪ್ಪನ ಬದಲು ಕೂತರೆ ಮನಸ್ಸು ಅಡುಗೆಮನೆಯತ್ತಲೇ. ಗ್ರೈಂಡರಿನಲ್ಲಿ ಹಿಟ್ಟು ಗರಗರ ತಿರುಗುತ್ತಿತ್ತು. ಅವನ ಎಲುಬಿನಲ್ಲೂ ಈಗ ಹೀಗೇ ತಿರುಗುತ್ತಿದ್ದಾಳೆ ಅವಳು, ಹಗಲೂ ಇರುಳೂ. ತಾನು ಎರಡು ವರ್ಷ ಸೂಜಿ ಹಿಡಿದು, ಸ್ಟೂಲಿನಲ್ಲಿ ಕೂತು, ಹರಕೆ ಹೊತ್ತದ್ದು ಯಾವ ಲೆಕ್ಕ? ಅವನ ಮೈಯೊಳಗೆ ತನ್ನದು ಅಂತ ಒಂದು ಹನಿ ಇಲ್ಲ. ನಾಚಿಕೆಯಾಗಬೇಕಿತ್ತು ಹೀಗೆ ಯೋಚಿಸಲು, ಅವಳಿಲ್ಲದಿದ್ದರೆ ಅವನೇ ಇರುತ್ತಿರಲಿಲ್ಲ. ನಾಚಿಕೆಯಾಯಿತು ಕೂಡ. ಹೊಟ್ಟೆಯುರಿ ಮಾತ್ರ ಹಾಗೇ ಇತ್ತು.

"ದಾದ ಆಂಡ್ ನಿಕ್ಕ್?" ಎಂದು ಅಮ್ಮ ಶ್ರೀಮತಿ ತುಳುವಿನಲ್ಲಿ ಕೇಳಿದರು, ಏನಾಯಿತು ನಿನಗೆ ಎಂದು. ಮಗಳ ಬಟ್ಟಲಿನಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಹಾಗೇ ಆರುತ್ತಿತ್ತು.

ಆ ಬಂಗುಡೆಯೇ ರಮಿತಾಳ ಇನ್ನೊಂದು ಭಯ. ಶಶಿಕಾಂತನದು ಬಾಗಲಕೋಟೆ ಕಡೆಯ ಮನೆತನ, ಲಿಂಗ ಕಟ್ಟಿದವರು. ಮೊಟ್ಟೆಯ ಹೆಸರೆತ್ತಿದರೂ ಅವನ ತಾಯಿ ಈರವ್ವ ಮೂಗಿಗೆ ಸೆರಗು ಹಿಡಿಯುತ್ತಾಳೆ. ಮೋಹನದಾಸರ ಹೋಟೆಲಿನ ಮುಂದೆ 'ಶುದ್ಧ ಶಾಕಾಹಾರಿ' ಎಂಬ ಬೋರ್ಡು ಕಂಡು, ಆ ಮನೆಯವರೂ ಹಾಗೇ ಎಂದು ಈರವ್ವ ನಂಬಿದ್ದಳು. ಇವಳು ತಿದ್ದಲಿಲ್ಲ. ಭಾನುವಾರ ಮಧ್ಯಾಹ್ನ ಮೀನು ಉಂಡು, ಸಂಜೆ ಲಿಂಬೆಹುಳಿಯಲ್ಲಿ ಮೂರು ಸಲ ಕೈ ತಿಕ್ಕಿಕೊಂಡು ವಿಠ್ಠಲವಾಡಿಗೆ ಹೋಗುತ್ತಿದ್ದಳು.

ಈ ಭಾನುವಾರ ಮೀನು ಮುಟ್ಟಲಿಲ್ಲ. ಆದರೂ ಅಭ್ಯಾಸಬಲದಿಂದ ಲಿಂಬೆ ತಿಕ್ಕಿದಳು.

*

"ಬಾರವ್ವಾ ರಮಿತವ್ವಾ, ಒಂದೀಟು ಕೈ ಹಚ್ಚು," ಎಂದು ಈರವ್ವ ಒಳಗೆ ಕರೆದಳು. ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು. ಶಶಿಕಾಂತನ ಅಪ್ಪ ಶಿವಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಾಗಿಲಿಗೂ ಬಾಲ್ಕನಿಗೂ ಓಡಾಡುತ್ತಿದ್ದ.

ದೇವರ ಕಟ್ಟೆಯ ಮುಂದೆ ಒಂದು ಬೆತ್ತದ ಬುಟ್ಟಿ. ಅದರಲ್ಲಿ ದಾಳಿಂಬೆ ಬಣ್ಣದ ಇಳಕಲ್ ಸೀರೆ, ಖಣದ ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು.

"ಇದೆಂತ ಅಮ್ಮಾ?"

"ಆ ಹುಡುಗಿ ಉಡಿ ತುಂಬಾಕ. ಊರಿಂದ ತರಿಸೇನಿ ಸೀರಿ. ವರ್ಷಾತು, ಹೆಸರು ಗೊತ್ತಿಲ್ಲದಾಕಿಗೆ ಎತ್ತಿಟ್ಟು."

ರಮಿತಾಳ ಕೈಯಲ್ಲಿದ್ದ ತುಪ್ಪದ ಚಮಚ ನಿಂತಿತು. ಉಡಿ ತುಂಬುವುದನ್ನು ಅವಳು ಒಂದೇ ಸಲ ನೋಡಿದ್ದಳು. ಕೆಳಮನೆಯ ವಿಜಾಪುರದವರು ಮಗನ ನಿಶ್ಚಿತಾರ್ಥದಲ್ಲಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದಾಗ, ಅತ್ತೆಯಾಗುವವಳು ಸೆರಗಿಗೆ ಅಕ್ಕಿ ಕೊಬ್ಬರಿ ಹಾಕಿ, 'ಇನ್ನು ಈಕಿ ನಮ್ಮನಿ ಸೊಸಿ' ಅಂದಿದ್ದಳು. ಅವಳ ತುಳುನಾಡಿನ ಮನೆಯಲ್ಲಾದರೆ ಮಡಿಲು ತುಂಬುವುದು ಬಸುರಿಗೆ. ಎರಡರಲ್ಲಿ ಇದು ಯಾವುದು ಎಂದು ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. 'ಆಕಿನ್ನ ನೋಡದs ಹೇಳಂಗಿಲ್ಲ' ಎಂದ ಶಶಿಕಾಂತನ ಮಾತಿಗೆ ಈಗ ಅರ್ಥ ಸಿಕ್ಕಿತು. ನೋಡಿ ಒಪ್ಪಿಗೆಯಾದರೆ, ಹಳೆಯ ಗೆಳತಿಗೆ ನಯವಾಗಿ ತಿಳಿಸಬೇಕಲ್ಲ!

ಬಾಗಿಲ ಬೆಲ್ಲು ಬಡಿಯಿತು.

ಪ್ರೇಕ್ಷಾ ಫೇಸ್‌ಬುಕ್ಕಿನ ಎಲ್ಲ ಪ್ರೇಕ್ಷಾಗಳಿಗಿಂತ ಚೆಂದವಿದ್ದಳು. ಎತ್ತರಕ್ಕೆ ಕಟ್ಟಿದ ಕೂದಲು, ಕೆನ್ನೆಯಲ್ಲಿ ಗುಳಿ, ಬಿಸಿಲಿಗೆ ಕೆಂಪಾದ ಮೂಗು. "ನಮಸ್ತೇ ಆಂಟೀ! ಕನ್ನಡ ಪೂರಾ ಸಮಝ್ ಮೇ ಆತಾ ಹೈ. ಬೋಲೂಂಗಿ ತೋ ಆಪ್ ಹಸೇಂಗೇ," ಎಂದಳು, ಕನ್ನಡ ತಿಳಿಯುತ್ತದೆ, ಮಾತಾಡಿದರೆ ನಗುತ್ತೀರಿ ಎಂದು. ಬೂಟು ಬಿಚ್ಚುತ್ತಲೇ ಮನೆ ತುಂಬಿದಳು.

ಶಶಿಕಾಂತ ಕೋಣೆಯಿಂದ ಬಂದ. ಎರಡು ಹೆಜ್ಜೆ ಇಟ್ಟು ನಿಂತ. ಕೈ ಮುಗಿದ, ಕಣ್ಣು ತುಂಬಿಕೊಂಡವು. ಎರಡು ವರ್ಷದಲ್ಲಿ ಎಷ್ಟೋ ಸೂಜಿ ಚುಚ್ಚಿದರೂ ಅವನ ಕಣ್ಣಲ್ಲಿ ನೀರು ಕಾಣದ ರಮಿತಾ ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಅರೇ, ಐಸಾ ಮತ್ ಕರೋ ಯಾರ್," ಪ್ರೇಕ್ಷಾ ಗಾಬರಿಯಾದಳು. "ಕೈಯಿಂದ ರಕ್ತ ತೆಗೆದ ಹಾಗೇ ತೆಗೆದ್ರು. ಮೇರಾ ತೋ ಥೋಡೇ ದಿನ್ ಮೇ ವಾಪಸ್ ಬನ್ ಗಯಾ." ತನ್ನದು ಸ್ವಲ್ಪ ದಿನದಲ್ಲೇ ಮತ್ತೆ ತುಂಬಿಕೊಂಡಿತಂತೆ. ಆಮೇಲೆ ತುಂಟತನದಿಂದ ಅವನ ಮಣಿಕಟ್ಟನ್ನು ಒಂದು ಬೆರಳಿನಿಂದ ಮುಟ್ಟಿ, "ಇಸ್ಮೇ ಮೇರಾವಾಲಾ ದೌಡ್ ರಹಾ ಹೈ, ಹೈ ನಾ?" ಎಂದಳು, ಇದರೊಳಗೆ ಓಡುತ್ತಿರುವುದು ತನ್ನದೇ ಎಂದು.

ಎಲ್ಲರೂ ನಕ್ಕರು. ಅವನೂ ಕಣ್ಣೊರೆಸಿಕೊಂಡು ನಕ್ಕ. ಆ ಮಣಿಕಟ್ಟು ರಮಿತಾಳದ್ದು. ಎಷ್ಟು ಸಲ ಅಲ್ಲಿ ಬೆರಳಿಟ್ಟು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಾಡಿ ನೋಡಿದ್ದಾಳೆ!

ಊಟಕ್ಕೆ ಕೂತಾಗ ಈರವ್ವ ಮೂರನೆಯ ಹೋಳಿಗೆ ಹಾಕುತ್ತ, "ಮನ್ಯಾಗ ದಿನಾ ಏನ ಉಣ್ತೀಯವ್ವಾ?" ಎಂದು ಕೇಳಿದಳು.

"ಚಾವಲ್, ಔರ್ ಫಿಶ್! ಮಮ್ಮಿ ಕೇ ಹಾಥ್ ಕಾ ಬಂಗ್ಡಾ, ರೋಜ್ ದೇ ದೋ ತೋ ಭೀ ಚಲೇಗಾ," ಎಂದಳು, ಅಮ್ಮನ ಕೈಯ ಬಂಗುಡೆ ದಿನವೂ ಆದೀತು ಎಂದು.

ಶಿವಪ್ಪ ತಟ್ಟೆ ನೋಡಿದ. ಈರವ್ವನ ಕೈ ಸೆರಗಿನತ್ತ ಹೋಯಿತು, ಆದರೆ ಮೂಗಿಗೆ ಬರಲಿಲ್ಲ. ಒಂದು ಗಳಿಗೆ ಮಗನನ್ನು ನೋಡಿದಳು, ಆ ಹುಡುಗಿಯನ್ನು ನೋಡಿದಳು, ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕಳು.

"ಅಯ್ಯ ನಮ್ಮವ್ವ! ಅಂದ್ರ ನನ್ನ ಮಗನ ಮೈಯಾಗ ಈಗ ಮೀನಾ ಈಸಾಕತ್ತಾವೇನು!"

ರಮಿತಾಳಿಗೆ ಅಳು ಬಂತು. ವರ್ಷವಿಡೀ ಕೈ ತಿಕ್ಕಿ ತಿಕ್ಕಿ ಚರ್ಮ ಸುಲಿದುಕೊಂಡವಳು ತಾನು. ಇವಳು ಬಂದು ಕೂತು ಬಂಗುಡೆ ಎಂದಳು, ಅದಕ್ಕೆ ಬಹುಮಾನ ನಗು.

ಊಟವಾಯಿತು. ಮಣೆ ಬಂತು. ಪ್ರೇಕ್ಷಾ ಜೀನ್ಸಿನ ಮೇಲೇ ಇಳಕಲ್ ಸೀರೆಯನ್ನು ಹೊದ್ದು ಕೂತಳು. ಈರವ್ವ ಕುಂಕುಮ ಹಚ್ಚಿ, ಅವಳ ಸೆರಗಿಗೆ ಹಿಡಿ ಹಿಡಿಯಾಗಿ ಅಕ್ಕಿ ಹಾಕತೊಡಗಿದಳು. ಕಣ್ಣಲ್ಲಿ ನೀರು. ಆರತಿಯ ತಟ್ಟೆ ಹಿಡಿದುಕೊಳ್ಳಲು ಹೇಳಿದ್ದು ರಮಿತಾಳಿಗೆ. ಎದುರಿಗೆ ನಿಂತ ಶಶಿಕಾಂತ ಮಣೆಯ ಮೇಲಿನವಳನ್ನು ನೋಡಿ ಹೆಮ್ಮೆಯಿಂದ ನಗುತ್ತಿದ್ದ.

"ಲ್ಯಾಬಿಂದ ಫೋನು ಬಂತು, ಅರ್ಜೆಂಟು," ಎಂದು ರಮಿತಾ ತಟ್ಟೆಯನ್ನು ನೆಲದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು. ಫೋನು ಬ್ಯಾಗಿನಲ್ಲಿ ಸುಮ್ಮನೆ ಮಲಗಿತ್ತು.

*

ವಿಠ್ಠಲವಾಡಿ ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ ಹಿಂದಿನಿಂದ ದಡದಡ ಸದ್ದು ಕೇಳಿತು. "ರಮಿತಾ! ನಿಂದರ್ರಿ!"

ತಿರುಗಬಾರದೆಂದುಕೊಂಡಳು. ಆದರೆ ಅವನ ಉಸಿರಿನ ಸದ್ದು ಕಿವಿಗೆ ಬಿತ್ತು, ಅವಳೊಳಗಿನ ಲ್ಯಾಬಿನವಳು ತಡೆಯಲಾಗದೆ ತಿರುಗಿದಳು.

"ಓಡಿ ಬರುವುದೆಂತಕ್ಕೆ? ಬುದ್ಧಿ ಉಂಟಾ ನಿಮಗೆ? ನಿಲ್ಲಿ, ಮೊದಲು ಕಂಬಿ ಹಿಡ್ಕೊಳ್ಳಿ." ಕೈ ತಾನಾಗಿ ಅವನ ಮಣಿಕಟ್ಟಿಗೆ ಹೋಯಿತು. ನಾಡಿ ಜೋರಾಗಿತ್ತು, ಗಟ್ಟಿಯಾಗಿತ್ತು. ಎರಡು ವರ್ಷದ ಹಿಂದೆ ಇದೇ ಮೆಟ್ಟಿಲ ಮೇಲೆ ಅರ್ಧದಲ್ಲಿ ಕೂತುಬಿಡುತ್ತಿದ್ದ ಮನುಷ್ಯ ಈಗ ಓಡಿ ಬಂದು ನಿಂತಿದ್ದ.

"ಯಾಕ ಎದ್ದು ಬಂದ್ರಿ?"

"ಸೊಸೆಯ ಉಡಿ ತುಂಬುವಲ್ಲಿ ನನಗೆಂತ ಕೆಲಸ?"

"ಸೊಸಿ?" ಅವನು ಬಾಯಿ ಬಿಟ್ಟುಕೊಂಡು ನಿಂತ. "ಯಾರ ಸೊಸಿ?"

"ನಾಟಕ ಬೇಡ. ಕೆಳಮನೆಯವರದ್ದು ನೋಡಿದ್ದೇನೆ ನಾನು. ಉಡಿ ತುಂಬಿದ ಮೇಲೆ ಮದುವೆಯೇ."

ಶಶಿಕಾಂತನಿಗೆ ನಗು ತಡೆಯಲಾಗಲಿಲ್ಲ. ಕಂಬಿಗೆ ಒರಗಿ ನಕ್ಕ. ಹೋಗುತ್ತಿದ್ದವರು ತಿರುಗಿ ನೋಡಿದರು. "ನಮ್ಮ ಕಡೆ ಮನಿಮಗಳಿಗೂ ಉಡಿ ತುಂಬತಾರ್ರಿ! ತವರಿಗೆ ಬಂದ ಮಗಳನ್ನ ಬರೇ ಉಡೀಲೆ ಕಳಸೂದಿಲ್ಲ. ಅವ್ವ ವರ್ಷದಿಂದ ಹೇಳಾಕತ್ತಾಳ, ರಕ್ತ ಒಂದಾದ ಮ್ಯಾಲೆ ಆಕಿ ನನ್ನ ಹೊಟ್ಟ್ಯಾಗ ಹುಟ್ಟಿದಾಕೀನs ಅಂತ. ಪ್ರೇಕ್ಷಾ ನನಗ ತಂಗಿ ರಮಿತಾ. ತಂಗಿನ್ನ ಯಾರರ ಲಗ್ನ ಆಗ್ತಾರೇನು?"

ಪ್ಲಾಟ್‌ಫಾರ್ಮಿಗೆ ಒಂದು ಲೋಕಲ್ ಬಂದು ನಿಂತು ಹೋಯಿತು. ರಮಿತಾಳಿಗೆ ನಾಚಿಕೆಯ ಜೊತೆ ಅಳುವೂ ಬಂತು, ಅಳುವಿನ ಜೊತೆ ಸಿಟ್ಟೂ.

"ತಂಗಿಯಾದರೂ ನನಗೆ ಹೊಟ್ಟೆಕಿಚ್ಚೇ," ಎಂದಳು. "ಹೇಳಿಬಿಡ್ತೇನೆ, ಏನು ಬೇಕಾದ್ರೂ ಅಂದುಕೊಳ್ಳಿ. ನಿಮ್ಮ ಪ್ರತಿ ಹನಿಯನ್ನೂ ಅವಳೇ ಮಾಡ್ತಾ ಇದ್ದಾಳೆ. ನಿಮ್ಮ ಬಣ್ಣ ಅವಳದ್ದು, ಗ್ರೂಪು ಅವಳದ್ದು, ಉಸಿರು ಅವಳದ್ದು. ನಾನು ಬರೀ ತೆಗೆದವಳು. ಚುಚ್ಚಿ ಚುಚ್ಚಿ ತೆಗೆದವಳು. ನನ್ನದು ಅಂತ ನಿಮ್ಮಲ್ಲಿ ಎಂತ ಉಂಟು?"

ಅವನ ನಗು ನಿಂತಿತು. ಮಣಿಕಟ್ಟಿನ ಮೇಲಿದ್ದ ಅವಳ ಕೈಯನ್ನು ಬಿಡದಂತೆ ತನ್ನ ಇನ್ನೊಂದು ಕೈಯಿಂದ ಮುಚ್ಚಿದ.

"ನೀನs ಹೇಳಿದ್ದಿ. ಮರ್ತಿ?" ಎರಡು ವರ್ಷದ 'ರೀ' ಎಲ್ಲೋ ಮೆಟ್ಟಿಲಲ್ಲಿ ಬಿದ್ದುಹೋಗಿತ್ತು. "ಅಡಿಗಿಮನಿ ಯಾರದರ ಇರಲಿ, ಆರ್ಡರ್ ಕೂಗಾವ ಹೊರಗಿರ್ತಾನ ಅಂತ. ಹಿಟ್ಟು ಆಕೀದು, ಖರೆ. ಎಷ್ಟು ಬೇಕು ಅಂತ ಕೂಗೂದು ನನ್ನ ಕಿಡ್ನಿ. ಅದು ನಂದs ಐತಿ, ಅದನ್ನ ಯಾರೂ ಬದಲ ಮಾಡಿಲ್ಲ. ನಿನ್ನ ಸಲುವಾಗಿ ಮೆಟ್ಟಲ ಹತ್ತಿ ಓಡಿ ಬಂದ್ನೆಲ್ಲ, ಉಸಿರು ಕಟ್ಟಿತೆಲ್ಲ, ಈಗ ಒಳಗ ಕೂಗಾಕತ್ತಿರಬೇಕು, 'ಇನ್ನೆರಡು ಹಾಕ್ರೋ' ಅಂತ. ಅದು ಯಾರ ಸಲುವಾಗಿ?"

ಒಂದು ಓಟಕ್ಕೆಲ್ಲ ಕಿಡ್ನಿ ಹಾಗೆ ಕೂಗುವುದಿಲ್ಲ, ಅದಕ್ಕೆ ದಿನಗಟ್ಟಲೆಯ ಕೊರತೆ ಬೇಕು ಎಂದು ತಿದ್ದಲು ಹೊರಟ ರಮಿತಾ ತಿದ್ದಲಿಲ್ಲ.

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಕಡ ತಂದ ಜೀವ. ನಿಲ್ತೈತೋ ಇಲ್ಲೋ ಗೊತ್ತಿರಲಿಲ್ಲ. ನಿಂತ ಮ್ಯಾಲೆ ಅನಸ್ತು, ಕೊಟ್ಟಾಕಿಗೆ ಒಮ್ಮೆ ಕೈ ಮುಗೀದs, ಇದು ನಂದು ಅಂತ ನಿನ್ನ ಕೈಯಾಗ ಹ್ಯಾಂಗ ಇಡ್ಲಿ?" ಅವನು ಅವಳ ಅಂಗೈಯನ್ನು ಮುಖದ ಹತ್ತಿರ ತಂದು ಮೂಸಿದ. "ಇನ್ನೊಂದು, ಅವ್ವನ ಅಂಜಿಕಿ. ಈ ಲಿಂಬಿಹಣ್ಣಿನ ವಾಸನಿ."

ರಮಿತಾ ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಗೊತ್ತುಂಟಾ ನಿಮಗೆ?"

"ವರ್ಷಾನಗಟ್ಟಲೆ ಒಳಗ ಕುಂತಾಂವಗ ವಾಸನಿ ಬಿಟ್ರ ಬ್ಯಾರೆ ಏನ ಕೆಲಸಿತ್ತು? ಬಾಗಿಲದಾಗ ಲಿಂಬಿಹಣ್ಣಿನ ವಾಸನಿ ಬಂತಂದ್ರ ನನಗ ರವಿವಾರ." ಅವನ ದನಿ ತಗ್ಗಿತು. "ನನ್ನ ಜೊತಿ ಇರ್ತಿಯೇನು?"

"ಇರ್ತೇನೆ," ಎಂದಳು ರಮಿತಾ. "ಆದರೆ ಲಿಂಬೆಹುಳಿ ಇನ್ನು ತಿಕ್ಕುವುದಿಲ್ಲ. ನಾನೇ ಹೇಳ್ತೇನೆ ನಿಮ್ಮ ಅಮ್ಮನಿಗೆ. ಅವರು ಬೇಡ ಅಂದರೆ?"

ಅವನು ಅವಳ ಕೈ ಬಿಡದೆ ಮನೆಯತ್ತ ಮೆಟ್ಟಿಲಿಳಿದ. ಅವನಿಗೂ ಗೊತ್ತಿರಲಿಲ್ಲ.

*

ಇಬ್ಬರೂ ಬಾಗಿಲಲ್ಲಿ ನಿಂತಾಗ ಪ್ರೇಕ್ಷಾ ಉಡಿಯ ಕೊಬ್ಬರಿಯನ್ನು ಆಗಲೇ ಕಡಿಯುತ್ತಿದ್ದಳು. ಈರವ್ವ ಎದ್ದು ಬಂದಳು. "ಅರ್ಜೆಂಟ್ ಮುಗೀತೇನವ್ವಾ?"

"ಅಮ್ಮಾ," ರಮಿತಾ ಚಪ್ಪಲಿಯನ್ನೂ ಬಿಡದೆ ಹೇಳಿದಳು, "ನಾನು ಮೀನು ತಿನ್ತೇನೆ. ಚಿಕ್ಕಂದಿನಿಂದಲೂ. ನಿಮಗೆ ಹೇಳಿರಲಿಲ್ಲ."

ಈರವ್ವ ಕಣ್ಣು ಕಿರಿದು ಮಾಡಿದಳು. "ನಿಮ್ಮಪ್ಪನ ಹೋಟೆಲ್ಲಿಗೆ ಶುದ್ಧ ಶಾಕಾಹಾರಿ ಅಂತ ಇಷ್ಟುದ್ದ ಬೋರ್ಡ ಐತೆಲ್ಲ?"

"ಅದು ಹೋಟೆಲಿಗೆ ಅಮ್ಮಾ. ನಮಗಲ್ಲ."

ಪ್ರೇಕ್ಷಾ ಕೊಬ್ಬರಿ ನುಂಗಲಾಗದೆ ಕೆಮ್ಮಿ ನಕ್ಕಳು. ಬೇರೆ ಯಾರೂ ನಗಲಿಲ್ಲ. ಈರವ್ವ ರಮಿತಾಳ ಕೈಯೂ ಮಗನ ಕೈಯೂ ಹೆಣೆದುಕೊಂಡಿದ್ದನ್ನು ನೋಡಿದಳು. ನಿಧಾನಕ್ಕೆ ಅವಳ ಕೈ ಸೆರಗಿಗೆ ಹೋಯಿತು, ಸೆರಗು ಮೇಲೆ ಬಂತು. ಈರವ್ವ ಆ ಸೆರಗಿನಿಂದ ರಮಿತಾಳ ಕೆನ್ನೆಯ ಕಣ್ಣೀರೊರೆಸಿದಳು.

"ಮಗನ ಮೈಯಾಗs ಮೀನ ಈಸಾಕತ್ತ ಮ್ಯಾಲೆ, ಸೊಸಿ ಕೂಡ ಏನ ಜಗಳಾ ತಗೀಲಿ? ನಿಮ್ಮ ತವರಾಗ ಉಂಡು ಬಾ. ನನ್ನ ಒಲಿ ಮ್ಯಾಲೆ ಮಾತ್ರ ಬ್ಯಾಡ." ಬುಟ್ಟಿಯಲ್ಲಿ ಉಳಿದಿದ್ದ ಅಕ್ಕಿಯತ್ತ ರಮಿತಾಳ ಕಣ್ಣು ಹೋದದ್ದನ್ನು ಕಂಡು, "ಇವತ್ತ ನಿನ್ನ ಉಡಿ ತುಂಬಂಗಿಲ್ಲ," ಎಂದು ಗದರಿದಳು. "ಅವ್ವ ಅಪ್ಪನ ಕರಕೊಂಡ ಬಾ, ತುಂಬತೀನಿ."

"ಔರ್ ಮೈಂ?" ಎಂದಳು ಪ್ರೇಕ್ಷಾ, ತಾನು ಯಾರಾದೆ ಎಂದು.

"ನೀ ಆಕಿ ನಾದಿನಿ," ಎಂದ ಶಿವಪ್ಪ, ಮಧ್ಯಾಹ್ನದಿಂದ ಮೊದಲ ಬಾರಿಗೆ ಬಾಯಿ ಬಿಟ್ಟು. ನಾದಿನಿ ಓಡಿ ಬಂದು ರಮಿತಾಳ ಕತ್ತಿಗೆ ಜೋತುಬಿದ್ದು, ನಾಳೆಯೇ ಬಂಗುಡೆ ತಿನ್ನಲು ಕಲ್ಯಾಣಕ್ಕೆ ಬರುತ್ತೇನೆ ಎಂದು ಅವಳ ಕಿವಿಯಲ್ಲಿ ಹೇಳಿದಳು.

*

ಮುಂದಿನ ತಿಂಗಳು ಶಶಿಕಾಂತ ಮತ್ತೆ ಆ ಕುರ್ಚಿಯಲ್ಲಿ ಕೂತ. ರಮಿತಾಳ ಕೈಯಲ್ಲಿ ಲಿಂಬೆಯ ವಾಸನೆ ಇರಲಿಲ್ಲ. ಸೂಜಿ ಚುಚ್ಚುವಾಗ ಅವನು ಅವಳ ಹೊಸ ಉಂಗುರವನ್ನು ನೋಡುತ್ತಿದ್ದ. ಉಂಗುರ ನೋಡಬೇಡಿ, ಮುಷ್ಟಿ ಕಟ್ಟಿ ಎಂದು ಅವಳು ಬೈದಳು.

ಸ್ಲೈಡು ಬಣ್ಣ ಹೀರಿಕೊಂಡ ಮೇಲೆ ಮೈಕ್ರೋಸ್ಕೋಪಿಗೆ ಬಾಗಿದಳು. ಕೆಂಪು ಕಣಗಳು ಗಿಜಿಗಿಜಿ. ಸ್ವಲ್ಪ ಹುಡುಕಿದ ಮೇಲೆ ಸಿಕ್ಕಿತು, ದಾರಕ್ಕೆ ತೂಗಿದ ಆ ಪುಟ್ಟ ಗುಂಡು. ಹೊಟ್ಟೆಯೊಳಗೆ ಒಂದು ಸಣ್ಣ ಕಿಡಿ ಚುರುಕ್ಕೆಂದಿತು. ಇಲ್ಲ ಎಂದರೆ ಸುಳ್ಳಾದೀತು.

"ಬಂದ್ಯಾ ನಾದಿನಿ?" ಎಂದು ಪಿಸುಗುಟ್ಟಿದಳು ರಮಿತಾ. "ಕೂತ್ಕೋ. ಎಲ್ಲಿಗೂ ಹೋಗ್ಬೇಡ ಮಾರಾಯ್ತಿ."

ಆಮೇಲೆ ಮುಂದಿನ ಕಣ ಎಣಿಸಿದಳು.